ಸರ್‌ನೇಮ್ ಅಪರೂಪವಾದ ಮಾತ್ರಕ್ಕೆ ದಾಯಾದಿ ಆಗುವುದಿಲ್ಲ

ನಾಗರಪಂಚಮಿ ಹತ್ತಿರ ಬಂತೆಂದರೆ ನನ್ನ ಆಫೀಸಿಗೆ ಒಂದು ಬಗೆಯ ಕಕ್ಷಿದಾರರು ಜಾಸ್ತಿ ಬರುತ್ತಾರೆ. ಮುಂಬೈಯವರು, ದುಬೈಯವರು, ಬೆಂಗಳೂರಿನವರು. ಮೂಲ ನಾಗಬನಕ್ಕೆ ತನು ಹಾಕಲಿಕ್ಕೆ, ಅಂದರೆ ನಾಗನಿಗೆ ಹಾಲು, ಎಳನೀರು ಎರೆಯಲಿಕ್ಕೆ, ಊರಿಗೆ ಬಂದಿರುತ್ತಾರೆ. ಹಾಗೇ ಮಂಗಳೂರಿನಲ್ಲಿ ವಕೀಲರನ್ನು ಕಂಡು ಕುಟುಂಬದ ಜಾಗದ ವಿಚಾರವೂ ಕೇಳಿಕೊಂಡು ಹೋಗೋಣ ಅಂತ ಮೆಟ್ಟಿಲು ಹತ್ತುತ್ತಾರೆ. ದೂರ ಹೋದವರು ಬೇರು ಹುಡುಕಿಕೊಂಡು ಬರುವುದು ನನಗೆ ನಿಜವಾಗಿಯೂ ಇಷ್ಟ. ಬೇಜಾರಾಗುವುದು ಅವರ ಮೊಬೈಲಿನಲ್ಲಿರುವ, ಸರ್‌ನೇಮ್ ಲೆಕ್ಕ ಕೊಡುವ ವೆಬ್‌ಸೈಟಿನ ಆ ಸ್ಕ್ರೀನ್‌ಶಾಟ್ ನೋಡಿದಾಗ. "ನೋಡಿ ವಕೀಲ್ರೆ, ನಮ್ಮ ಸರ್‌ನೇಮ್ ಇಡೀ ಜಗತ್ತಿನಲ್ಲಿ ಇಷ್ಟೇ ಜನರಿಗೆ ಇರುವುದು. ಹಾಗಾಗಿ ಮಂಜೇಶ್ವರದ ಕಡೆ ಈ ಹೆಸರಿನವರು ಯಾರಿದ್ದರೂ ನಮ್ಮವರೇ. ಆ ಜಾಗದಲ್ಲಿ ನಮಗೂ ಪಾಲು ಉಂಟಲ್ವಾ?"

ಈ ಪ್ರಶ್ನೆಗೆ ಎಷ್ಟು ಜನರಿಗೆ ಉತ್ತರ ಹೇಳಿದ್ದೇನೋ, ಇನ್ನೂ ಮುಗಿದಿಲ್ಲ. ಹೆಸರು ಅಪರೂಪ ಎನ್ನುವುದು ಒಂದು ವಿಚಾರ. ಸಂಬಂಧ ಇನ್ನೊಂದು ವಿಚಾರ. ಪಾಲು ಮೂರನೆಯದು. ಒಂದು ಗೊತ್ತಾದರೆ ಉಳಿದೆರಡು ತಾನಾಗಿ ಬರುತ್ತವೆ ಅಂತ ತಿಳಿದುಕೊಂಡು ಜನ ವರ್ಷಗಟ್ಟಲೆ ಅಲೆಯುತ್ತಾರೆ, ದುಡ್ಡೂ ಕಳೆಯುತ್ತಾರೆ.

ಮೊದಲು ಆ ಸಂಖ್ಯೆಯ ಮಾತು. ನಮ್ಮ ಜನಗಣತಿ ಮಾತೃಭಾಷೆ ಕೇಳುತ್ತದೆ, ಧರ್ಮ ಕೇಳುತ್ತದೆ, ಮನೆಗೆ ನೀರು ಎಲ್ಲಿಂದ ಅಂತಲೂ ಕೇಳುತ್ತದೆ. ಆದರೆ ಯಾವ ಅಡ್ಡಹೆಸರಿನವರು ಎಷ್ಟು ಜನ ಎಂಬ ಪಟ್ಟಿಯನ್ನು ಪ್ರಕಟಿಸುವುದಿಲ್ಲ. ಅಮೆರಿಕದಲ್ಲಿ ಪ್ರಕಟಿಸುತ್ತಾರೆ. ಅಲ್ಲಿನ 2010ರ ಪಟ್ಟಿಯಲ್ಲಿ 1,62,253 ಹೆಸರುಗಳಿವೆ. ಅದೂ ಕನಿಷ್ಠ 100 ಜನರಿಗೆ ಇರುವ ಹೆಸರುಗಳು ಮಾತ್ರ. ಅದಕ್ಕಿಂತ ಕಡಿಮೆ ಇದ್ದರೆ ಆ ಪಟ್ಟಿಯಲ್ಲಿ ನಿಮ್ಮ ಹೆಸರೇ ಇರುವುದಿಲ್ಲ. ಭಾರತದ ಸಂಖ್ಯೆ ಕೊಡುವ ವೆಬ್‌ಸೈಟ್‌ಗಳಿಗೆ ಇಂಥ ಸರಕಾರಿ ಲೆಕ್ಕದ ಆಧಾರ ಇಲ್ಲ. ಸಿಕ್ಕಿದ ಪಟ್ಟಿಗಳಿಂದ ಅಂದಾಜು ಮಾಡುತ್ತವೆ. ಅಂದಾಜು ಮಾಡಬಾರದು ಅಂತ ನಾನು ಹೇಳುವುದಿಲ್ಲ. ಅದನ್ನು ದಾವೆಗೆ ಆಧಾರ ಮಾಡಬೇಡಿ, ಅಷ್ಟೇ.

ಇನ್ನು ತುಳುನಾಡಿನ ಹೆಸರು ಜಗತ್ತಿನಲ್ಲಿ ಅಪರೂಪ ಅನ್ನುವುದರಲ್ಲಿ ಆಶ್ಚರ್ಯ ಏನೂ ಇಲ್ಲ. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಜನಸಂಖ್ಯೆ 20,89,649. ಉಡುಪಿಯದ್ದು 11,77,361. ತುಳು ಮಾತೃಭಾಷೆ ಅಂತ ಬರೆಸಿದವರು ಇಡೀ ದೇಶದಲ್ಲಿ 18,46,427. ಅಂದರೆ ದೇಶದ ಸಾವಿರ ಜನರಲ್ಲಿ ತುಳುವಿನವರು ಇಬ್ಬರೂ ಸಿಗುವುದಿಲ್ಲ. ಅಷ್ಟು ಜನರೊಳಗೆ ಹತ್ತಾರು ಸಮುದಾಯ. ಒಂದೊಂದು ಸಮುದಾಯದೊಳಗೆ ಹತ್ತಾರು ಅಡ್ಡಹೆಸರು. ಬಂಟರ ಕಾಜವ, ಮೇಲಾಂಟ, ಸುಲಾಯ, ಶಿವಳ್ಳಿ ಬ್ರಾಹ್ಮಣರ ಕಕ್ಕಿಲ್ಲಾಯ, ಕೆದಿಲಾಯ, ನೂರಿತ್ತಾಯ ಎಲ್ಲವೂ ಜಗತ್ತಿನ ಲೆಕ್ಕದಲ್ಲಿ ಅಪರೂಪವೇ. ಬಂಟ್ವಾಳದಲ್ಲಿ ಬಸ್ಸು ಹತ್ತಿದರೆ ಇವರಲ್ಲಿ ಯಾರಾದರೂ ಒಬ್ಬರು ಪಕ್ಕದ ಸೀಟಿನಲ್ಲಿ ಸಿಕ್ಕಾರು.

ಇನ್ನು ಸ್ಪೆಲ್ಲಿಂಗ್. ಕನ್ನಡದಲ್ಲಿ ಬರೆದರೆ ಪುಣಿಂಚತ್ತಾಯ ಒಂದೇ ಹೆಸರು. ತುಳುವಿನ ಹಳೆಯ ಹಸ್ತಪ್ರತಿಗಳನ್ನು ಹುಡುಕಿ ತೆಗೆದ ವಿದ್ವಾಂಸ ವೆಂಕಟರಾಜ ಪುಣಿಂಚತ್ತಾಯರಿಂದ ಆ ಹೆಸರು ಓದುವವರಿಗೆಲ್ಲ ಪರಿಚಯ. ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆಯಲಿಕ್ಕೆ ಹತ್ತು ಜನರಿಗೆ ಹೇಳಿ ನೋಡಿ. ಒಬ್ಬರು ಟಿ ಆದ ಮೇಲೆ ಎಚ್ ಹಾಕುತ್ತಾರೆ. ಒಬ್ಬರು ಎರಡು ಟಿ ಹಾಕುತ್ತಾರೆ. ಇನ್ನೊಬ್ಬರು ನಡುವಿನ ಎನ್ ಬಿಡುತ್ತಾರೆ. ಕಂಪ್ಯೂಟರಿಗೆ ಅವೆಲ್ಲ ಬೇರೆ ಬೇರೆ ಸರ್‌ನೇಮ್.

ಹೀಗೆ '-ತ್ತಾಯ' ಎಂದು ಮುಗಿಯುವ ಒಂದು ಮನೆತನದ ಕಾಗದಗಳು ನನ್ನ ಮೇಜಿನ ಮೇಲೆ ಬಂದಿದ್ದವು. ಹಿರಿಯ ಮಗನ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಎಚ್ ಇತ್ತು. ಎರಡನೆಯವರು ಮುಂಬೈಯಲ್ಲಿ ಕೆಲಸಕ್ಕೆ ಸೇರುವಾಗ ಎರಡು ಟಿ ಹಾಕಿಸಿಕೊಂಡಿದ್ದರು, ಪ್ಯಾನ್ ಕಾರ್ಡೂ ಹಾಗೇ ಆಯಿತು. ಕೊನೆಯವರು ಮಸ್ಕತ್‌ಗೆ ಹೋಗುವ ಗಡಿಬಿಡಿಯಲ್ಲಿ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗಕ್ಕೆ ತಂದೆಯ ಹೆಸರು ಬರೆದಿದ್ದರು. ಮಗಳದ್ದು ಗಂಡನ ಅಡ್ಡಹೆಸರು. ತಂದೆ ತೀರಿಕೊಂಡ ಮೇಲೆ ಬ್ಯಾಂಕಿನಲ್ಲಿ ಎಫ್‌ಡಿ ಬಿಡಿಸಲಿಕ್ಕೆ ಹೋದರೆ ನಾಲ್ಕು ಮಕ್ಕಳಿಗೆ ನಾಲ್ಕು ಹೆಸರು. ಒಬ್ಬರ ಕಾಗದದ ಪ್ರಕಾರ ಇನ್ನೊಬ್ಬರು ಆ ಮನೆಯವರೇ ಅಲ್ಲ. ಅಫಿಡವಿಟ್ ಮಾಡಿಸಿ, ವಂಶಾವಳಿ ತರಿಸಿ, ಎಲ್ಲರೂ ಒಂದೇ ತಾಯಿಯ ಮಕ್ಕಳು ಅಂತ ತೋರಿಸಬೇಕಾಯಿತು. ಆ ತಾಯಿ ಮೂಲೆಯ ಕುರ್ಚಿಯಲ್ಲಿ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು. "ಹೆತ್ತದ್ದು ನಾನು. ನನ್ನ ಹತ್ತಿರ ಕೇಳಿದರೆ ಆಗುವುದಿಲ್ವಾ?" ಅಂತ ಅವರು ಕೇಳಿದ್ದು ಈಗಲೂ ನೆನಪಾಗುತ್ತದೆ. ಕಾನೂನಿನ ಮಾತು ಪಕ್ಕಕ್ಕಿಡಿ, ಅವರು ಕೇಳಿದ್ದು ಸರಿಯೇ. ಅದೇ ಮನೆಯ ಕಿರಿಯ ಮೊಮ್ಮಗ ತನ್ನ ಸ್ಪೆಲ್ಲಿಂಗ್ ಹಾಕಿ ನೋಡಿ, ಜಗತ್ತಿನಲ್ಲಿ ನಾವು ಕೆಲವೇ ಜನ ಅಂತ ಹೆಮ್ಮೆಪಟ್ಟಿದ್ದ. ಅವನ ದೊಡ್ಡಪ್ಪನೇ ಆ ಲೆಕ್ಕದಲ್ಲಿ ಇರಲಿಲ್ಲ.

ಸ್ಪೆಲ್ಲಿಂಗ್ ಸರಿ ಇದ್ದು, ಹೆಸರು ಒಂದೇ ಇದ್ದರೆ? ಆಗಲೂ ಸಾಲದು. ಅಲೆವೂರಾಯ ಅಂದರೆ ಉಡುಪಿ ಹತ್ತಿರದ ಅಲೆವೂರು, ಪುತ್ತೂರಾಯ ಅಂದರೆ ಪುತ್ತೂರು ಅಂತ ಯಾರಿಗಾದರೂ ಗೊತ್ತಾಗುತ್ತದೆ. ಅಂಥ ಹೆಸರು ಊರು ತೋರಿಸುತ್ತದೆ. ಒಂದು ಊರಿನಿಂದ ಎರಡು ಮನೆ ಹೊರಟಿರಬಹುದು. ಎರಡೂ ಮನೆಯವರು ಹೋದ ಕಡೆ ಅದೇ ಹೆಸರು ಇಟ್ಟುಕೊಂಡಿರಬಹುದು. ದತ್ತು ಹೋದ ಪ್ರಸಂಗ ಬಿಟ್ಟರೆ, ಗೋತ್ರ ಬೇರೆ ಇದ್ದಲ್ಲಿ ದಾಯಾದಿತನದ ಮಾತು ಅಲ್ಲಿಗೇ ನಿಲ್ಲುತ್ತದೆ. ಗೋತ್ರ ಒಂದೇ ಇದ್ದರೂ ಅದು ಸಾಕ್ಷಿ ಆಗುವುದಿಲ್ಲ, ಮುಂದೆ ಹುಡುಕಬಹುದು ಅಂತ ಮಾತ್ರ.

ಅಳಿಯಸಂತಾನದ ಮನೆಗಳಲ್ಲಿ ಇದು ಇನ್ನೂ ತೊಡಕು. ನನ್ನ ಕಕ್ಷಿದಾರರು ಜಾಸ್ತಿ ಎಡವುವುದೂ ಇಲ್ಲೇ. ಬಂಟರಲ್ಲಿ, ಬಿಲ್ಲವರಲ್ಲಿ, ಮೊಗವೀರರಲ್ಲಿ, ಇಲ್ಲಿನ ಜೈನ ಅರಸು ಮನೆತನಗಳಲ್ಲಿ ಕುಟುಂಬ ನಡೆದು ಬಂದದ್ದು ಹೆಣ್ಣಿನ ಕಡೆಯಿಂದ. 'ಬರಿ', ಅಂದರೆ ಗೋತ್ರದ ಹಾಗಿನ ಕುಲದ ಗುರುತು, ಹೋಗುವುದು ತಾಯಿಯಿಂದ ಮಕ್ಕಳಿಗೆ. ಈಗ ನಾವು ಮಕ್ಕಳಿಗೆ ಇಡುವುದು ಹೆಚ್ಚಾಗಿ ತಂದೆಯ ಅಡ್ಡಹೆಸರು. ಹೆಸರು ಒಂದು ದಾರಿಯಲ್ಲಿ ಹೋಯಿತು, ಕುಟುಂಬ ಇನ್ನೊಂದು ದಾರಿಯಲ್ಲಿ ಉಳಿಯಿತು. ನಿಮ್ಮ ಹೆಸರಿನ ಕೊನೆಯಲ್ಲಿ ಇರುವುದು ತಂದೆಯ ಕಡೆಯದು. ನೀವು ತನು ಹಾಕುವ ನಾಗಬನ, ಕೂಡುವ ತರವಾಡು ಮನೆ, ಅಂದರೆ ಕುಟುಂಬದ ಮೂಲಮನೆ, ತಾಯಿಯ ಕಡೆಯದು. ಹೆಸರು ಹಿಡಿದುಕೊಂಡು ತರವಾಡು ಹುಡುಕಲಿಕ್ಕೆ ಹೊರಟರೆ ತಲುಪುವುದು ಬೇರೆಯವರ ಚಾವಡಿಗೆ.

"ನಾವು ಚೌಟರು, ಅಬ್ಬಕ್ಕನ ವಂಶ" ಅಂತ ಹೇಳಿಕೊಂಡು ಬರುವವರಿಗೆ ನಾನು ಉಳ್ಳಾಲದ ಅದೇ ರಾಣಿಯ ಕಥೆ ಹೇಳುತ್ತೇನೆ. ಚೌಟ ಪುತ್ತಿಗೆ, ಮೂಡುಬಿದಿರೆ, ಉಳ್ಳಾಲ ಆಳಿದ ಮನೆತನ. 16ನೇ ಶತಮಾನದಲ್ಲಿ ಅಬ್ಬಕ್ಕ ಪಟ್ಟಕ್ಕೆ ಬಂದದ್ದು ಸೋದರಮಾವ ತಿರುಮಲರಾಯನ ಬಳಿಕ. ಆಕೆಯನ್ನು ಮದುವೆ ಮಾಡಿಕೊಟ್ಟದ್ದು ಬಂಗ ಎಂಬ ಇನ್ನೊಂದು ಮನೆತನದ ಅರಸನಿಗೆ. ಮದುವೆಯಾದ ಮೇಲೂ ಆಕೆ ಚೌಟರ ರಾಣಿಯೇ, ಬಂಗರ ಮನೆಗೆ ಸೇರಿದವಳಲ್ಲ. ಆ ಕ್ರಮದಲ್ಲಿ ಚೌಟ ಅರಸನ ಮಗ ಚೌಟ ಆಗುವುದಿಲ್ಲ, ಅಕ್ಕತಂಗಿಯ ಮಗ ಆಗುತ್ತಾನೆ. ಈಗ ಅಪ್ಪನಿಂದ ಮಗನಿಗೆ ಬಂದ ಚೌಟ ಎಂಬ ಹೆಸರನ್ನು ಹಿಡಿದು ಹಿಂದೆ ಹಿಂದೆ ಹೋದರೆ ಅಬ್ಬಕ್ಕನ ಮನೆ ಸಿಗುವುದು ಹೇಗೆ? ಮೇಲಾಗಿ ಆ ಹೆಸರು ಜೈನರಲ್ಲೂ ಉಂಟು, ಬಂಟರಲ್ಲೂ ಉಂಟು. ಯಾರದ್ದೂ ಸುಳ್ಳು ಅಂತ ನಾನು ಹೇಳುವುದಿಲ್ಲ. ಹೆಸರಿನಿಂದ ಮಾತ್ರ ಅದು ಗೊತ್ತಾಗುವುದಿಲ್ಲ ಅನ್ನುತ್ತೇನೆ.

ಕುಂದರ್, ಸಾಲಿಯಾನ್, ಬಂಗೇರ, ಕರ್ಕೇರ ಇವೂ ಹಾಗೆಯೇ. ಬಿಲ್ಲವರಲ್ಲೂ ಇದ್ದಾರೆ, ಮೊಗವೀರರಲ್ಲೂ ಇದ್ದಾರೆ. ಕ್ರಿಶ್ಚಿಯನ್ ಮನೆಗಳದ್ದು ಬೇರೆ ಚರಿತ್ರೆ. ಡಿಸೋಜ, ಪಿಂಟೊ, ಲೋಬೊ ಇವೆಲ್ಲ ಗೋವಾದಲ್ಲಿ ಪೋರ್ಚುಗೀಸರ ಕಾಲದ ದೀಕ್ಷಾಸ್ನಾನದ ಜೊತೆ ಬಂದ ಹೆಸರುಗಳು. ಸಂಬಂಧವೇ ಇಲ್ಲದ ಮನೆಗಳಿಗೂ ಒಂದೇ ಹೆಸರು ಬಂದಿದೆ. ಅಲ್ಲಿ ಹಿರಿಯರು ನೆನಪಿಟ್ಟುಕೊಂಡಿರುವ ಹಳೆಯ ಕೊಂಕಣಿ ಅಡ್ಡಹೆಸರು, ಪ್ರಭು, ಶೆಟ್, ಕಾಮತ್, ನಾಯಕ್ ಅಂತ ಇರುತ್ತದಲ್ಲ, ಅದು ಜಾಸ್ತಿ ಕೆಲಸಕ್ಕೆ ಬರುತ್ತದೆ. 1784ರಲ್ಲಿ ಟಿಪ್ಪು ಇಲ್ಲಿನ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಒಯ್ದ. ಇಗರ್ಜಿಗಳು, ಅಂದರೆ ಚರ್ಚುಗಳು, ನೆಲಸಮ ಆದವು. ಉಳಿದವರು ಮರಳಿದ್ದು 1799ರ ನಂತರ. ಅದಕ್ಕಿಂತ ಹಿಂದಿನ ಇಗರ್ಜಿ ಪುಸ್ತಕ ಸಿಗುತ್ತದೆ ಅಂತ ಯಾರಾದರೂ ಖಾತರಿ ಕೊಟ್ಟರೆ ದುಡ್ಡು ಕೊಡುವ ಮೊದಲು ಸ್ವಲ್ಪ ತಡೆಯಿರಿ.

ಹಾಗಾದರೆ ಯಾವುದನ್ನು ಹಿಡಿಯಬೇಕು? ಹೆಸರಿನ ಬಾಲ ಬಿಡಿ, ತಲೆ ಹಿಡಿಯಿರಿ. ನಮ್ಮ ಊರಿನ ಹೆಸರುಗಳಲ್ಲಿ ಬೇರು ಇರುವುದು ಎದುರಿನ ಇನಿಷಿಯಲ್‌ನಲ್ಲಿ. 1906ರಲ್ಲಿ ಕೆನರಾ ಬ್ಯಾಂಕಿಗೆ ಬುನಾದಿ ಹಾಕಿದ ಸುಬ್ಬರಾವ್ ಪೈಗಳ ಹೆಸರಿನ ಮೊದಲು ಇರುವುದು ಅಮ್ಮೆಂಬಳ. 1931ರಲ್ಲಿ ವಿಜಯಾ ಬ್ಯಾಂಕ್ ಕಟ್ಟಿದ ಎ. ಬಿ. ಶೆಟ್ಟರ ಎ ಅಂದರೆ ಅತ್ತಾವರ. ಪೈ, ಶೆಟ್ಟಿ ಅಂತ ಹುಡುಕಿದರೆ ಸಾವಿರಾರು ಜನ ಸಿಗುತ್ತಾರೆ. ಅಮ್ಮೆಂಬಳ, ಅತ್ತಾವರ ಅಂದರೆ ಒಂದು ಊರು, ಕೆಲವೇ ಮನೆಗಳು. ನನ್ನಂಥವನಿಗೆ ದಾರಿ ಸಿಗುವುದು ಅಲ್ಲಿಂದ.

ಈಗ ಆ ಇನಿಷಿಯಲ್ಲನ್ನೇ ಜನ ಕಿತ್ತು ಬಿಸಾಡುತ್ತಿದ್ದಾರೆ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಎರಡೇ ಕಾಲಂ, ಹೆಸರು ಮತ್ತು ಸರ್‌ನೇಮ್. ಊರಿನ ಹೆಸರು ಎಲ್ಲಿ ಹಾಕುವುದು ಅಂತ ತೋಚದೆ ಬಿಟ್ಟುಬಿಡುತ್ತಾರೆ. ಕೆಲವರು ಊರಿನ ಹೆಸರನ್ನೇ ಸರ್‌ನೇಮ್ ಮಾಡುತ್ತಾರೆ. ಕೆಲವರು ತಂದೆಯ ಹೆಸರನ್ನು. ಅಲ್ಲಿಗೆ ಒಂದು ಹೊಸ ಸರ್‌ನೇಮ್ ಹುಟ್ಟಿತು. ಮುಂದಿನ ತಲೆಮಾರಿನವರು ಅದನ್ನು ವೆಬ್‌ಸೈಟ್‌ನಲ್ಲಿ ಹಾಕಿ ನೋಡಿ, ಎಷ್ಟು ಅಪರೂಪ, ಎಷ್ಟು ಪುರಾತನ ಅಂತ ನನ್ನ ಎದುರು ಕೂರುತ್ತಾರೆ. ಅಪರೂಪ ನಿಜ. ಆದರೆ ಅದು ಹುಟ್ಟಿದ್ದು ಅರ್ಜಿ ತುಂಬಿಸಿದ ದಿನ. ದಯವಿಟ್ಟು ಮಕ್ಕಳ ಜನನ ಪ್ರಮಾಣಪತ್ರ ಮಾಡಿಸುವಾಗಲೇ ಯೋಚಿಸಿ ಬರೆಸಿ. ಇನಿಷಿಯಲ್ ಏನು ಅಂತ ಮಕ್ಕಳಿಗೆ ಪೂರ್ತಿ ಹೇಳಿಕೊಡಿ.

ಪಾಲಿನ ವಿಚಾರವನ್ನು ಇಲ್ಲಿ ಪೂರ್ತಿ ಬರೆಯಲಿಕ್ಕೆ ಆಗುವುದಿಲ್ಲ. ಒಂದೊಂದು ಕುಟುಂಬದ್ದು ಒಂದೊಂದು ರೀತಿ, ಇದನ್ನು ಓದಿ ಯಾರೂ ನೋಟಿಸ್ ಕಳಿಸಬೇಡಿ. ಸ್ಥೂಲವಾಗಿ ಹೇಳುವುದಾದರೆ, ಅಳಿಯಸಂತಾನ ಕುಟುಂಬದ ವಿಭಾಗಕ್ಕೆ 1949ರ ಮದ್ರಾಸ್ ಕಾಯ್ದೆ ಉಂಟು. ಅದು ನೋಡುವುದು ಕವರು, ಅಂದರೆ ಒಬ್ಬ ಹೆಣ್ಣಿನಿಂದ ಹೆಣ್ಣಿನ ಕಡೆಯಾಗಿ ಬಂದ ಶಾಖೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ತೀರಿಕೊಂಡವರ ಪಾಲು ಬೇರೆ ನಿಯಮದಂತೆ ಹೋಗುತ್ತದೆ. ಯಾರು ಯಾವಾಗ ತೀರಿಕೊಂಡರು, ಆಗ ಕುಟುಂಬ ಒಟ್ಟಿಗಿತ್ತಾ, ಪಾಲುಪಟ್ಟಿ ಆಗಿತ್ತಾ ಅನ್ನುವುದೇ ಮುಖ್ಯ. ಈ ಎರಡು ಕಾಯ್ದೆಗಳಲ್ಲಿ ಎಲ್ಲಿಯೂ ಸರ್‌ನೇಮ್ ನೋಡಿ ಪಾಲು ಕೊಡಿ ಅಂತ ಇಲ್ಲ.

ಹಾಗಾಗಿ ಬರುವಾಗ ಸ್ಕ್ರೀನ್‌ಶಾಟ್ ಬೇಡ. ಅಜ್ಜಿ ಇದ್ದರೆ ಅವರ ಹತ್ತಿರ ಕೂತು ಬನ್ನಿ. ಅಜ್ಜಿಯ ತಾಯಿ ಯಾವ ಮನೆಯವರು, ಅವರ ಬರಿ ಯಾವುದು, ತನು ಎಲ್ಲಿಗೆ ಹಾಕುತ್ತಿದ್ದರು, ಮನೆಯ ದೈವಕ್ಕೆ ಕೋಲ ಎಲ್ಲಿ ಆಗುತ್ತಿತ್ತು ಅಂತ ಕೇಳಿ. ಅವರು ಹೇಳುವಾಗ ನಡುವೆ ಬಾಯಿ ಹಾಕಬೇಡಿ. ಒಂದು ಮದುವೆಯ ಊಟದ ಕಥೆ ಹೇಳುತ್ತಾ ಹೇಳುತ್ತಾ ಮೂರು ಮನೆಯ ಸಂಬಂಧ ಬಿಡಿಸಿಡುತ್ತಾರೆ. ಬಾಯಿಮಾತು ಕೋರ್ಟಿಗೆ ಸಾಲದು, ಒಪ್ಪಿದೆ. ಆದರೆ ಯಾವ ಊರಿನ ಕಾಗದ ತೆಗೆಸಬೇಕು ಅಂತ ಗೊತ್ತಾಗುವುದು ಅದರಿಂದಲೇ. ಹಳೆಯ ಪಾಲುಪಟ್ಟಿ, ಭೂನ್ಯಾಯಮಂಡಳಿಯ ಆದೇಶ, ಮೂಲಗೇಣಿ (ಶಾಶ್ವತ ಗೇಣಿ) ಚೀಟು ಏನಿದ್ದರೂ ತನ್ನಿ. ಹರಿದದ್ದಾದರೂ ಪರವಾಗಿಲ್ಲ, ಟೇಪು ಮಾತ್ರ ಅಂಟಿಸಬೇಡಿ.

ಮಂಜೇಶ್ವರ, ಕುಂಬಳೆ, ಕಾಸರಗೋಡಿನ ಕಡೆಯವರಿಗೆ ಇನ್ನೊಂದು ಮಾತು. 1956ರವರೆಗೆ ಅದೆಲ್ಲ ದಕ್ಷಿಣ ಕನ್ನಡವೇ ಆಗಿತ್ತು, ಆಮೇಲೆ ಕೇರಳ. ಒಂದೇ ಜಾಗದ ಹಳೆಯ ಕಾಗದ ಕನ್ನಡದಲ್ಲಿ ಇರಬಹುದು, ಹೊಸದು ಮಲಯಾಳದಲ್ಲಿ. ಎರಡೂ ರಾಜ್ಯದ ಕಚೇರಿಗೆ ಅರ್ಜಿ ಹಾಕಬೇಕಾಗಬಹುದು. ಕೈಬರಹದ ಹಳೆಯ ಪುಸ್ತಕ ತಿರುವಿ ನಕಲು ಕೊಡಲಿಕ್ಕೆ ಅಲ್ಲಿನವರಿಗೂ ಸಮಯ ಬೇಕು. ಹಿಂದಿರುಗುವ ವಿಮಾನದ ಟಿಕೆಟ್ ಜೇಬಿನಲ್ಲಿಟ್ಟುಕೊಂಡು ಬಂದು, ನಾಡಿದ್ದಿನೊಳಗೆ ಮಾಡಿಕೊಡಿ ಅಂದರೆ ಯಾವ ವಕೀಲರಿಂದಲೂ ಆಗುವುದಿಲ್ಲ. ಊರಲ್ಲಿರುವ ಯಾರಿಗಾದರೂ ಅಧಿಕಾರಪತ್ರ ಕೊಟ್ಟು ಹೋಗಿ. ಕೊಡುವಾಗ ನಿಮ್ಮ ಹೆಸರನ್ನು ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆಯೂ ಬರೆಸಿ, ಜಾಗದ ಕಾಗದದಲ್ಲಿ ಇದ್ದ ಹಾಗೆಯೂ ಬರೆಸಿ.