ಹಿಂಜೇಬಿನ ಹೊಲಿಗೆಗೂ ಒಡೆಯನಿದ್ದಾನೆ

ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಬ್ರ್ಯಾಂಡ್ ಅಂದರೆ ಸೊಂಟದ ಒಳಗಿನ ಲೇಬಲ್ ಎಂದೇ ಹಲವರ ಲೆಕ್ಕ. ಅದನ್ನು ಕತ್ತರಿಸಿಬಿಟ್ಟರೆ ಪ್ಯಾಂಟು ಯಾರದೂ ಅಲ್ಲ ಅನ್ನುವ ಧೈರ್ಯ. ಆದರೆ ಲೆದರ್ ಪ್ಯಾಚ್, ಗುಂಡಿ, ರಿವೆಟ್, ಜಿಪ್ಪಿನ ತುದಿ, ಇವುಗಳ ಮೇಲೂ ಗುರುತು ಇರುತ್ತದೆ. ಲೀವೈಸ್‌ನ ಹಿಂಜೇಬಿನ ಮೇಲಿರುವ ಜೋಡಿ ಕಮಾನಿನ ಹೊಲಿಗೆಯೇ ನೋಂದಾಯಿತ ಟ್ರೇಡ್‌ಮಾರ್ಕ್. ಹೆಸರಿನ ಒಂದಕ್ಷರವೂ ಇಲ್ಲದೆ ಆ ಕಮಾನು ಹಾಕಿದರೂ ಕೇಸು ಬೀಳಬಹುದು.

ಜಾಬ್ ವರ್ಕ್, ಅಂದರೆ ಬೇರೆಯವರ ಬ್ರ್ಯಾಂಡಿಗೆ ಹೊಲಿದುಕೊಡುವ ಕೆಲಸ, ಹಿಡಿಯುವಾಗ ಮಧ್ಯವರ್ತಿ ಲೇಬಲ್ಲಿನ ಕಟ್ಟು ತಂದುಕೊಟ್ಟರೆ ಅದೇ ಅನುಮತಿ ಅಲ್ಲ. ಬ್ರ್ಯಾಂಡ್ ಮಾಲೀಕರ ಪತ್ರ ಕೇಳಿ. ಅದರಲ್ಲಿ ನೋಂದಣಿ ಸಂಖ್ಯೆ, ಎಷ್ಟು ಪೀಸು, ಯಾವ ತಾರೀಖಿನವರೆಗೆ ಎಂಬುದು ಇರಬೇಕು. ಆ ಸಂಖ್ಯೆಯನ್ನು ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯ ಜಾಲತಾಣದಲ್ಲಿ ಪುಕ್ಕಟೆ ಹುಡುಕಿ, ಬಟ್ಟೆಯ ವರ್ಗವಾದ 25ರಲ್ಲಿ ಯಾರ ಹೆಸರಿಗಿದೆ ನೋಡಿ. 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 103ನೇ ಸೆಕ್ಷನ್ನಿನಲ್ಲಿ, ಬೇರೆಯವರ ಗುರುತನ್ನು ಒಪ್ಪಿಗೆಯಿಲ್ಲದೆ ಸುಳ್ಳಾಗಿ ಹಾಕಿದವರಿಗೆ 6 ತಿಂಗಳಿಂದ 3 ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ ಇದೆ. ಮೋಸದ ಉದ್ದೇಶ ಇರಲಿಲ್ಲ ಅಂತ ಸಾಬೀತು ಮಾಡುವ ಹೊಣೆ ಸಿಕ್ಕಿಬಿದ್ದವನದೇ. ಆಗ ಕೈಹಿಡಿಯುವುದು ಆ ಪತ್ರ. ಅನುಮತಿ ಇಲ್ಲವೆಂದು ತಿಳಿದೂ ಲೇಬಲ್ ಅಚ್ಚು ಹಾಕಿಕೊಟ್ಟ ಪ್ರಿಂಟರ್‌ನನ್ನೂ ಕಾಯ್ದೆ ಬಿಡುವುದಿಲ್ಲ.

ಹೆಚ್ಚು ಜನ ಎಡವುವುದು ರಿಜೆಕ್ಟ್ ಮಾಲಿನಲ್ಲಿ. ವಾಷಿಂಗ್‌ನಲ್ಲಿ ಬಣ್ಣ ಕೆಟ್ಟ ಪೀಸನ್ನು ಕಂಪನಿ ಬೇಡವೆಂದಿತು, ಇನ್ನು ನಮ್ಮದೇ ಅಂದುಕೊಂಡು ಸಂತೆಗೆ ಹಾಕುತ್ತಾರೆ. ಮಾಲೀಕರ ಒಪ್ಪಿಗೆಯಿಂದ ಒಮ್ಮೆ ಮಾರುಕಟ್ಟೆಗೆ ಬಂದ ಸರಕನ್ನು ಮರುಮಾರಬಹುದು. ರಿಜೆಕ್ಟ್ ಪೀಸು ಮಾರುಕಟ್ಟೆಗೆ ಬಂದೇ ಇಲ್ಲವಲ್ಲ! ಲೇಬಲ್, ಪ್ಯಾಚ್ ಬಿಚ್ಚಿ, ಗುಂಡಿ ಬದಲಿಸಿ ಮಾರಲು ಲಿಖಿತ ಒಪ್ಪಿಗೆ ಪಡೆಯಿರಿ. ಉಳಿದ ಲೇಬಲ್ ಎಣಿಸಿ ವಾಪಸ್ ಕೊಟ್ಟು ಸಹಿ ಹಾಕಿಸಿಕೊಳ್ಳಿ. 1,000 ಪೀಸಿಗೆ 1,030 ಲೇಬಲ್ ಬಂದಿದ್ದರೆ ಆ 30ಕ್ಕೂ ಲೆಕ್ಕ ಬೇಕು, ಹಾಳಾದವೂ ಸೇರಿ.

ಇಷ್ಟು ಕಸುಬು ಗೊತ್ತಿದ್ದವರು ಸ್ವಂತ ಹೆಸರು ಕಟ್ಟದೆ ಇರುವುದೇ ನಮಗೆ ಅರ್ಥವಾಗದ ಸಂಗತಿ. ವ್ಯಕ್ತಿಗಳಿಗೆ, ಸಣ್ಣ ಉದ್ಯಮಗಳಿಗೆ ಟ್ರೇಡ್‌ಮಾರ್ಕ್ ನೋಂದಣಿಯ ಆನ್‌ಲೈನ್ ಅರ್ಜಿ ಶುಲ್ಕ ಒಂದು ವರ್ಗಕ್ಕೆ 4,500 ರೂಪಾಯಿ. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಗೆ ಹೋಗುತ್ತವೆ. ಲೋಗೊವನ್ನು ಕಪ್ಪು-ಬಿಳುಪಿನಲ್ಲಿ ಸಲ್ಲಿಸಿದರೆ ಎಲ್ಲ ಬಣ್ಣಕ್ಕೂ ರಕ್ಷಣೆ. ಹೆಸರು ಕನ್ನಡ ಲಿಪಿಯಲ್ಲಿದ್ದರೆ ಅದರ ಉಚ್ಚಾರಣೆಯನ್ನೂ ಅರ್ಥವನ್ನೂ ಹಿಂದಿ ಅಥವಾ ಇಂಗ್ಲಿಷಿನಲ್ಲಿ ಕೊಡಬೇಕು. ರಿಜಿಸ್ಟ್ರಿಯ ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಅರ್ಜಿ ಪ್ರಕಟವಾದ ಮೇಲೆ 4 ತಿಂಗಳು ಆಕ್ಷೇಪಣೆಗೆ ಅವಕಾಶ. ನೋಂದಣಿ ಆಗುವವರೆಗೆ ‘ಟಿಎಂ’ ಮಾತ್ರ ಹಾಕಿ. ವೃತ್ತದೊಳಗಿನ ‘ಆರ್’ ಮುಂಚೆಯೇ ಹಾಕುವುದು ಕಾನೂನಿಗೆ ವಿರುದ್ಧ. 10 ವರ್ಷಕ್ಕೊಮ್ಮೆ ನವೀಕರಣ.

ಲೋಗೊ ಬರೆಸುವಾಗ ಸೂಜಿಯನ್ನೂ ನೆನೆಯಿರಿ. ಕಸೂತಿ ಯಂತ್ರದಲ್ಲಿ 5 ಮಿಲಿಮೀಟರ್‌ಗಿಂತ ಚಿಕ್ಕ ಅಕ್ಷರ ಹಾಕಿದರೆ ಒತ್ತಕ್ಷರ ಕೆಳಗೆ ಗಂಟಾಗಿ ಕೂರುತ್ತದೆ, ‘ತ್ತ’ ಯಾವುದು ‘ತ್ರ’ ಯಾವುದು ತಿಳಿಯುವುದಿಲ್ಲ. ನಿಜ ಚರ್ಮದ ಪ್ಯಾಚನ್ನು ವಾಷಿಂಗ್ ಆದ ಮೇಲೆಯೇ ಹೊಲಿಯಿರಿ. ಮೊದಲೇ ಹೊಲಿದರೆ ಚರ್ಮ ಮುದುಡಿ, ಲೋಗೊ ಸೊಟ್ಟಗಾಗುತ್ತದೆ.