ನಕಾಶೆಯಲ್ಲಿ ಚುಕ್ಕೆಗೆರೆ, ನೆಲದ ಮೇಲೆ ಕಬ್ಬು

ಮಂಡ್ಯ, ಶ್ರೀರಂಗಪಟ್ಟಣ, ಪಾಂಡವಪುರ ಕಡೆಯ ತಾಲ್ಲೂಕು ಕಚೇರಿಗಳಿಗೆ ‘ದಾರಿ ಬಿಡಿಸಿಕೊಡಿ’ ಅಂತ ಅರ್ಜಿ ಬರುವುದು ಹೊಸದೇನಲ್ಲ. ಅಜ್ಜನ ಕಾಲದಿಂದ ಓಡಾಡಿದ ಜಾಡಿಗೆ ಪಕ್ಕದವರು ಬೇಲಿ ಹಾಕಿದ್ದಾರೆ, ಗಾಡಿ ಹೋಗಲ್ಲ, ಕಡಿದ ಕಬ್ಬು ಗದ್ದೆಯಲ್ಲೇ ಒಣಗುತ್ತಿದೆ. ಈಚೆಗೆ ಇದೇ ದಾರಿಗಳ ಬಗ್ಗೆ ವಿಚಾರಿಸುವ ಇನ್ನೊಂದು ಗುಂಪೂ ಬಂದಿದೆ. ಬೆಂಗಳೂರು, ಮೈಸೂರಿನಿಂದ ಭಾನುವಾರ ಬಂದು ಕಾವೇರಿ ದಂಡೆ, ನಾಲೆ ಏರಿ ಹಿಡಿದು ಊರಿಂದೂರಿಗೆ ನಡೆಯುವವರು. ಇಬ್ಬರೂ ಕೇಳುವುದು ಒಂದೇ: ಇಲ್ಲಿ ಹೋಗಬಹುದಾ? ಇದು ಯಾರ ಜಾಗ? ಕಂದಾಯದವರು ಹೇಳುವುದು ಒಂದು, ನೀರಾವರಿಯವರು ಹೇಳುವುದು ಇನ್ನೊಂದು. ಪಂಚಾಯ್ತಿಯಲ್ಲಿ ಕೇಳಿದರೆ ‘ಮೊದಲಿಂದ ಇದೆ, ಹೋಗಿ’ ಅಂತಾರೆ. ಮೂರೂ ಸುಳ್ಳಲ್ಲ. ಯಾಕೆ ಅಂತ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕಾವೇರಿ ಬಯಲಿನಲ್ಲಿ ನೀರು ಹರಿದ ಕಡೆಯೇ ದಾರಿ ಬೆಳೆದಿದೆ. ಬಂಗಾರದೊಡ್ಡಿ ನಾಲೆ, ಬಲಮುರಿ ಕಟ್ಟೆಯಿಂದ ಹೊರಡುವ ವಿರಿಜಾ ನಾಲೆ, ಚಿಕ್ಕದೇವರಾಯಸಾಗರ ನಾಲೆ ಎಲ್ಲವೂ ಕನ್ನಂಬಾಡಿ ಅಣೆಕಟ್ಟಿಗಿಂತ ಎಷ್ಟೋ ಹಳೆಯವು. ಕಾಲುವೆ ತೋಡಿದಾಗ ಮೇಲೆ ಬಿದ್ದ ಮಣ್ಣೇ ಏರಿ, ಏರಿಯೇ ದಾರಿ. ಒಡೆಯರ ಆಳ್ವಿಕೆ, ಟಿಪ್ಪುವಿನ ಕಾಲ, ಆಮೇಲೆ ಬ್ರಿಟಿಷ್ ಕಮಿಷನರುಗಳು, ಇಷ್ಟು ಉದ್ದಕ್ಕೂ ಜನ ಅದೇ ಜಾಡಿನಲ್ಲಿ ಸಂತೆಗೆ, ಜಾತ್ರೆಗೆ, ಗದ್ದೆಗೆ ನಡೆದರು. ಯಾರ ಜಾಗ ಅಂತ ಕೇಳುವ ಪ್ರಸಂಗ ಬರಲಿಲ್ಲ.

ಪ್ರಶ್ನೆ ಹುಟ್ಟಿದ್ದು ಅಳತೆ ಶುರುವಾದ ಮೇಲೆ. ಮೈಸೂರು ಸಂಸ್ಥಾನದಲ್ಲಿ 1863ರಿಂದ ಕಂದಾಯ ಸರ್ವೆ ನಡೆಯಿತು. 33 ಅಡಿಯ ಸರಪಳಿ ಹಿಡಿದು ಹೊಲ ಹೊಲ ಅಳೆದರು, ಕಲ್ಲು ನೆಟ್ಟರು, ಸರ್ವೆ ನಂಬರು ಕೊಟ್ಟರು, ಊರಿಗೊಂದು ನಕಾಶೆ ಬರೆದರು. ಆ ನಕಾಶೆ ಇವತ್ತಿಗೂ ಪ್ರಮಾಣ. ಬಿಡಿಸಿ ನೋಡಿದರೆ ಹೊಲದ ಎಲ್ಲೆಗಳು ಗಟ್ಟಿ ಗೆರೆಯಲ್ಲಿರುತ್ತವೆ. ಕಾಲುದಾರಿಗೆ ಒಂಟಿ ಚುಕ್ಕೆಗೆರೆ, ಬಂಡಿದಾರಿಗೆ ಜೋಡಿ ಚುಕ್ಕೆಗೆರೆ.

ಆ ಚುಕ್ಕೆಗಳಲ್ಲೇ ಇದೆ ನೋಡಿ ಸಮಸ್ಯೆಯ ಬೀಜ. ಸರ್ವೆಯ ಉದ್ದೇಶ ಕಂದಾಯ ಕಟ್ಟುವುದು. ಹೊಲಕ್ಕೆ ಕಂದಾಯ ಬರುತ್ತೆ, ದಾರಿಗೆ ಬರಲ್ಲ. ಹಾಗಾಗಿ ದೊಡ್ಡ ರಸ್ತೆ, ಹಳ್ಳ, ಕೆರೆಯನ್ನು ಅಳೆದು ‘ಬಿ’ ಖರಾಬು, ಅಂದರೆ ಸಾರ್ವಜನಿಕ ಬಳಕೆಯ, ಕಂದಾಯವಿಲ್ಲದ ಜಾಗ ಎಂದು ಹೊರಗೆ ತೆಗೆದರು. ಸಣ್ಣ ದಾರಿಗಳಲ್ಲಿ ಕೆಲವು ಖರಾಬಿಗೆ ಹೋದವು. ಉಳಿದವು ಬರೀ ಗುರುತಾಗಿ ನಿಂತವು. ‘ಬಿ’ ಖರಾಬಿನಲ್ಲಿದ್ದರೆ ಅದು ಸರ್ಕಾರದ್ದು, ಉಳುವಂತಿಲ್ಲ. ಬರೀ ಚುಕ್ಕೆಗೆರೆ ಇದ್ದು ವಿಸ್ತೀರ್ಣ ಕಳೆಯದೆ ಬಿಟ್ಟಿದ್ದರೆ, ದಾರಿಯ ನೆಲಕ್ಕೂ ಹಿಡುವಳಿದಾರನೇ ಕಂದಾಯ ಕಟ್ಟುತ್ತಾ ಬಂದಿರುತ್ತಾನೆ. ‘ನನ್ನ ಪಹಣಿಯಲ್ಲಿ ಎರಡೆಕರೆ ಪೂರ್ತಿ ಇದೆ, ದಾರಿ ಎಲ್ಲಿದೆ ತೋರಿಸಿ’ ಅಂತ ಆತ ಕೇಳಿದರೆ ಅದು ಬರೀ ಜಗಳಗಂಟಿತನ ಅಲ್ಲ. ಅವನ ಕೈಯಲ್ಲೂ ಒಂದು ಸರ್ಕಾರಿ ಕಾಗದ ಇದೆ. ಇನ್ನು ಕೆಲವು ದಾರಿಗಳು ಎರಡರಲ್ಲೂ ಇಲ್ಲ. ಜನ ಓಡಾಡಿದ್ದಷ್ಟೇ ಅವಕ್ಕೆ ಆಧಾರ.

ಇಷ್ಟಾದರೂ ಮುಂದಿನ ಅರ್ಧ ಶತಮಾನ ದೊಡ್ಡ ತಕರಾರಿಲ್ಲದೆ ಕಳೆಯಿತು. ಬಯಲಿನ ಬಹುಪಾಲು ಮಳೆಯಾಧಾರಿತ. ರಾಗಿ ಕುಯ್ಲಾದ ಮೇಲೆ ಹೊಲವೆಲ್ಲ ದಾರಿಯೇ. ಆರು ತಿಂಗಳು ಯಾರ ಹೊಲದಲ್ಲಿ ಯಾರ ಗಾಡಿ ಹೋದರೂ ಕೇಳುವವರಿಲ್ಲ.

ಲೆಕ್ಕ ತಲೆಕೆಳಗಾಗಿದ್ದು ನೀರು ಬಂದ ಮೇಲೆ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. ಮುಂದೆ ಎಡದಂಡೆಯಿಂದ ಹೊರಟ ದೊಡ್ಡ ನಾಲೆಗೆ ಆಗಿನ ವೈಸರಾಯ್ ಹೆಸರಿಟ್ಟರು, ಇರ್ವಿನ್ ನಾಲೆ. ಈಗ ವಿಶ್ವೇಶ್ವರಯ್ಯ ನಾಲೆ, ಜನರ ಬಾಯಲ್ಲಿ ವಿ.ಸಿ. ನಾಲೆ. ಹುಲಿಕೆರೆ ಹತ್ತಿರ ಗುಡ್ಡದೊಳಗೆ ಸುರಂಗ ಕೊರೆದು ನೀರನ್ನು ಆಚೆ ಬಯಲಿಗೆ ದಾಟಿಸಿದರು. 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ ಆಯಿತು, 1939ರಲ್ಲಿ ಮಂಡ್ಯ ಬೇರೆ ಜಿಲ್ಲೆಯೇ ಆಯಿತು. ಇದನ್ನೆಲ್ಲ ಶಾಲೆಯಲ್ಲಿ ಓದಿದ್ದೇವೆ. ದಾರಿಗಳ ಗತಿ ಏನಾಯ್ತು ಎಂಬುದು ಮಾತ್ರ ಆ ಪಾಠದಲ್ಲಿ ಇರಲಿಲ್ಲ.

ನಾಲೆ ಹರಿಯುವುದು ನೆಲದ ಮಟ್ಟ ನೋಡಿಕೊಂಡು, ಊರಿನ ಜಾಡು ನೋಡಿಕೊಂಡಲ್ಲ. ಹಳೇ ನಕಾಶೆಯ ಮೇಲೆ ಹೊಸ ನಾಲೆ ಎಳೆದರೆ ಬಂಡಿದಾರಿಗಳು ಒಂದೊಂದಾಗಿ ತುಂಡಾಗುತ್ತವೆ. ಈಚೆ ದಡಕ್ಕೆ ಬಂದ ದಾರಿ ನೀರಿಗೆ ಮುಗಿಯುತ್ತೆ, ಆಚೆ ದಡದಲ್ಲಿ ಮತ್ತೆ ಶುರುವಾಗುತ್ತೆ. ಪ್ರತಿ ದಾರಿಗೂ ಸೇತುವೆ ಕಟ್ಟಲು ಆಗಲ್ಲ ಅಲ್ವಾ? ಅಲ್ಲೊಂದು ಇಲ್ಲೊಂದು ಕಟ್ಟಿದರು. ಸೇತುವೆ ಸಿಗುವವರೆಗೆ ಜನ ಏರಿ ಹಿಡಿದು ನಡೆದರು. ಕ್ರಮೇಣ ತುಂಡಾದ ಹಳೇ ದಾರಿ ಯಾರಿಗೂ ಬೇಡವಾಯಿತು. ಅಕ್ಕಪಕ್ಕದವರು ಅದನ್ನು ಉತ್ತು ಗದ್ದೆಗೆ ಸೇರಿಸಿಕೊಂಡರು. ನಕಾಶೆಯಲ್ಲಿ ಚುಕ್ಕೆಗಳು ಉಳಿದವು, ನೆಲದ ಮೇಲೆ ಕಬ್ಬು ಬಂತು.

ಹೀಗೆ ಏರಿಯೇ ಊರುಗಳ ಹೊಸ ದಾರಿ. ಅದರ ಮೇಲೆ ಬೆಳಗ್ಗೆ ಹೋದರೆ ಬಯಲಿನ ಸಂಸಾರವೆಲ್ಲ ಕಾಣುತ್ತೆ. ತೂಬಿನ ಬಾಯಿ ನೋಡಲು ಸೈಕಲ್ ಮೇಲೆ ಬರುವ ಸೌಡಿ (ನೀರು ಬಿಡುವವನು), ಸೋಪಾನದ ಮೇಲೆ ಬಟ್ಟೆ ಒಗೆಯುವವರು, ಹುಲ್ಲಿನ ಹೊರೆ, ಹಾಲಿನ ಕ್ಯಾನು, ಸೀಳುನಾಲೆ ದಾಟಲು ಹಾಕಿದ ತೆಂಗಿನ ದಿಮ್ಮಿ. ಆದರೆ ನೀರಾವರಿ ಇಲಾಖೆಯ ಪುಸ್ತಕದಲ್ಲಿ ಅದು ದಾರಿಯಲ್ಲ, ತಪಾಸಣೆಗೆ ಬಿಟ್ಟ ಜಾಗ. ಇಂಜಿನಿಯರ ಜೀಪು ಹೋಗಲಿ, ಏರಿ ಒಡೆದರೆ ಮಣ್ಣು ಸಾಗಿಸಲು ಅನುಕೂಲವಾಗಲಿ ಎಂದು ಇಟ್ಟದ್ದು. 2003ರಲ್ಲಿ ಕಾವೇರಿ ನೀರಾವರಿ ನಿಗಮ ಬಂದ ಮೇಲೂ ಈ ಲೆಕ್ಕ ಬದಲಾಗಲಿಲ್ಲ. ಜನರ ಓಡಾಟವನ್ನು ಯಾರೂ ತಡೆಯಲಿಲ್ಲ, ಹಾಗಂತ ಹಕ್ಕು ಅಂತ ಯಾರೂ ಬರೆದುಕೊಡಲಿಲ್ಲ.

ಆಮೇಲೆ ಏರಿಗೆ ಜಲ್ಲಿ ಬಿತ್ತು, ಕೆಲವು ಕಡೆ ಡಾಂಬರೂ ಬಿತ್ತು. ನಡೆಯುವವರ ದಾರಿಯಲ್ಲಿ ಬೈಕು, ಟ್ರ್ಯಾಕ್ಟರು, ಕಡೆಗೆ ಬಸ್ಸು. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸೊಂದು ವಿ.ಸಿ. ನಾಲೆಗೆ ಉರುಳಿ 30 ಜನ ಸತ್ತರು. ಅದಾದ ಮೇಲೆ ಎಲ್ಲ ಕಡೆ ತಡೆಗೋಡೆಯದ್ದೇ ಮಾತು. ತಡೆಗೋಡೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಏರಿ ರಸ್ತೆಯೋ ಅಲ್ಲವೋ ಎಂಬ ಪ್ರಶ್ನೆ ಮಾತ್ರ ಬಗೆಹರಿಯಲಿಲ್ಲ. ಈ ನಡುವೆ ನಾಲೆಗೆ ಕಾಂಕ್ರೀಟು ಹಾಸಿದ್ದಾರೆ. ಕೊನೇ ಭಾಗಕ್ಕೆ ನೀರು ತಲುಪಲು ಅದು ಬೇಕಿತ್ತು. ಕಾಲು ಜಾರಿದವರಿಗೆ ಹಿಡಿದುಕೊಳ್ಳಲು ಒಂದು ಹುಲ್ಲಿನ ಗಂಟೂ ಇಲ್ಲ ಎಂಬುದು ಅದರ ಇನ್ನೊಂದು ಮುಖ.

ನಾಲೆಯಿಂದ ದೂರದ ಹೊಲಗಳ ಕಥೆ ಬೇರೆ. 1974ರ ಭೂಸುಧಾರಣೆಯಲ್ಲಿ ಗೇಣಿದಾರರಿಗೆ ಭೂಮಿ ಸಿಕ್ಕಿತು, ಮುಂದಿನ ತಲೆಮಾರಿನಲ್ಲಿ ಅದು ಅಣ್ಣತಮ್ಮಂದಿರಿಗೆ ಭಾಗವಾಯಿತು. ಒಬ್ಬನ ಐದೆಕರೆಗೆ ಒಂದು ದಾರಿ ಸಾಕು, ಅದೇ ಐದು ಪಾಲಾದರೆ ಹಿಂದಿನ ನಾಲ್ವರಿಗೂ ದಾರಿ ಬೇಕು. ನಮ್ಮ ಕ್ರಯಪತ್ರಗಳಲ್ಲಿ ನಿಧಿ, ನಿಕ್ಷೇಪ, ಜಲ, ತರು, ಪಾಷಾಣ ಅಂತ ಅಷ್ಟಭೋಗ ಎಲ್ಲ ಬರೆಯುತ್ತಾರೆ. ಪತ್ರದ ಪ್ರಕಾರ ನೆಲದಡಿಯ ನಿಧಿಯೂ ಕೊಂಡವನಿಗೇ ಸೇರುತ್ತೆ, ಆದರೆ ಗದ್ದೆಗೆ ಹೋಗುವ ದಾರಿ ಎಷ್ಟೋ ಪತ್ರಗಳಲ್ಲಿ ಇರುವುದೇ ಇಲ್ಲ. ಹಿಂದಿನ ಪಾಲು ಬಂದವನು ಕಬ್ಬು ಸಾಗಿಸಬೇಕಾದರೆ ಮುಂದಿನ ಗದ್ದೆ ಕಟಾವಾಗುವವರೆಗೆ ಕಾಯಬೇಕು. ಎತ್ತಿನ ಗಾಡಿ ತೂರಿಕೊಂಡು ಹೋಗುತ್ತಿದ್ದ ಜಾಗದಲ್ಲಿ ಟ್ರೈಲರು ಹೋಗಲ್ಲ, ಅದೊಂದು ಬೇರೆ.

ಇಸವಿ 2000ದ ಹೊತ್ತಿಗೆ ‘ಭೂಮಿ’ ಯೋಜನೆಯಲ್ಲಿ ಪಹಣಿಗಳು ಕಂಪ್ಯೂಟರಿಗೆ ಹೋದವು. ನಿಜಕ್ಕೂ ಒಳ್ಳೇ ಕೆಲಸ. ಆದರೆ ಕಂಪ್ಯೂಟರಿಗೆ ಮೊದಲು ಹೋದದ್ದು ಪಹಣಿ, ನಕಾಶೆಯಲ್ಲ. ಚುಕ್ಕೆಗೆರೆ ಇರುವುದು ನಕಾಶೆಯಲ್ಲಿ. ಈಗ ಹಳೇ ಗ್ರಾಮ ನಕಾಶೆಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ, ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರು ಕಾಣುತ್ತೆ. ಮರೆತೇಹೋಗಿದ್ದ ದಾರಿಗಳನ್ನು ಊರ ಹುಡುಗರು ಫೋನಿನಲ್ಲಿ ಪತ್ತೆ ಮಾಡಿ ಅರ್ಜಿ ಹಾಕುತ್ತಿರುವುದು ಇದರಿಂದಲೇ. ಇನ್ನೊಂದು ಕಡೆ, ಭೂಸುಧಾರಣೆ ಕಾಯ್ದೆಯ 2020ರ ತಿದ್ದುಪಡಿಯಿಂದ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು. ಹೊಸಬರು ಕೊಂಡ ತಕ್ಷಣ ಮಾಡುವ ಮೊದಲ ಕೆಲಸ ಕಲ್ಲುಕಂಬ ನೆಟ್ಟು ತಂತಿ ಬಿಗಿಯುವುದು. ಅವರ ದೃಷ್ಟಿಯಲ್ಲಿ ಅದು ಸಹಜ, ಅಲ್ಲೊಂದು ಜಾಡಿತ್ತು ಅಂತ ಅವರಿಗೆ ಹೇಳಿದವರಿಲ್ಲ.

ಕಾನೂನಿಗೆ ಬಂದರೆ ಒಂದಲ್ಲ, ಮೂರ್ನಾಲ್ಕು ಬಾಗಿಲು. 1964ರ ಭೂಕಂದಾಯ ಕಾಯ್ದೆಯ 67ನೇ ಕಲಂ ಪ್ರಕಾರ ಸಾರ್ವಜನಿಕ ರಸ್ತೆ, ಓಣಿ, ದಾರಿಗಳು ಸರ್ಕಾರದ ಸ್ವತ್ತು. 1882ರ ಅನುಭೋಗದ ಹಕ್ಕಿನ ಕಾಯ್ದೆ ಪ್ರಕಾರ ಖಾಸಗಿ ಜಾಗದಲ್ಲಿ 20 ವರ್ಷ ಅಡ್ಡಿಯಿಲ್ಲದೆ ಹಕ್ಕಿನಿಂದ ಓಡಾಡಿದ್ದರೆ ದಾರಿ ಸಿಗುತ್ತೆ, ಸರ್ಕಾರಿ ಜಾಗವಾದರೆ 30 ವರ್ಷ. ಅದನ್ನು ಸಾಬೀತು ಮಾಡಬೇಕಾದ್ದು ಸಿವಿಲ್ ಕೋರ್ಟಿನಲ್ಲಿ. ಹೊಡೆದಾಟದ ಹಂತಕ್ಕೆ ಹೋದರೆ ತಹಶೀಲ್ದಾರರೇ ದಂಡಾಧಿಕಾರಿಯಾಗಿ ಕೈಹಾಕಬಹುದು. 2023ರಲ್ಲಿ ಕಂದಾಯ ಇಲಾಖೆ ಸುತ್ತೋಲೆ ಹೊರಡಿಸಿ, ನಕಾಶೆ ಕಂಡ ಕಾಲುದಾರಿ, ಬಂಡಿದಾರಿ ಒತ್ತುವರಿಯಾಗಿದ್ದರೆ ತೆರವು ಮಾಡಿಸಿ ಎಂದಿತು. ಆಮೇಲೆ ಎಷ್ಟೋ ಊರಲ್ಲಿ ಜೆಸಿಬಿ ಬಂದು ಜಾಡು ಬಿಡಿಸಿ ಹೋಯಿತು. ಆದರೆ ತೆರವಾದ ದಾರಿಯನ್ನು ಪಹಣಿಗೆ ಏರಿಸದಿದ್ದರೆ ಮುಂದಿನ ಮುಂಗಾರಿಗೆ ನೇಗಿಲು ಮತ್ತೆ ಅದರ ಮೇಲೇ ಹೋಗುತ್ತೆ. ಬರೀ ನಕಾಶೆಯನ್ನೇ ನೆಚ್ಚಿಕೊಂಡರೆ ನಾಲೆ ಬಂದ ಮೇಲೆ ಹುಟ್ಟಿದ ದಾರಿಗಳಿಗೆ ಅದರಲ್ಲಿ ಜಾಗವೂ ಇಲ್ಲ.

ದಾರಿಯನ್ನು ಅಳೆದು, ‘ಬಿ’ ಖರಾಬಾಗಿ ಬೇರೆ ಮಾಡಿ, ಪಹಣಿಯಲ್ಲಿ ಬರೆಯದ ಹೊರತು ಇದು ಮುಗಿಯಲ್ಲ ಎಂದೇ ನನಗನ್ನಿಸುವುದು. ಹೇಳುವುದು ಸುಲಭ. 10 ಅಡಿ ಅಗಲದ ದಾರಿ ಬಿಟ್ಟರೆ ಪ್ರತಿ 109 ಅಡಿ ಉದ್ದಕ್ಕೆ ಒಂದು ಗುಂಟೆ ಹೋಗುತ್ತೆ. 330 ಅಡಿ ಉದ್ದದ ಗದ್ದೆಯವನು 3 ಗುಂಟೆ ಬಿಡಬೇಕು. ಇರುವುದೇ 20 ಗುಂಟೆ ಆದರೆ ಅವನು ಸುಮ್ನೆ ಒಪ್ಪುತ್ತಾನಾ? ಕೆಲವು ಕಡೆ ಬದುವಿನ ಎರಡೂ ಪಕ್ಕದವರು ಐದೈದು ಅಡಿ ಬಿಟ್ಟುಕೊಟ್ಟು, ಹಿಂದಿನವರು ದುಡ್ಡು ಕೊಟ್ಟು ರಾಜಿಯಾಗಿದ್ದಾರೆ. ರಿಜಿಸ್ಟರ್ ಮಾಡಿಸಿಕೊಂಡವರು ನಿಶ್ಚಿಂತೆಯಾಗಿದ್ದಾರೆ. ಬಾಯಿಮಾತಿನಲ್ಲಿ ಬಿಟ್ಟವರ ಒಪ್ಪಂದ ಆ ಜಮೀನು ಇನ್ನೊಬ್ಬರ ಕೈಗೆ ಹೋಗುವವರೆಗೆ ಮಾತ್ರ.