ಸೀಲ್ ಫ್ಲಶ್ ಪ್ಲಾನ್ ಅಂದರೆ ಏನು?

ಪಂಪ್ ರಿಪೇರಿ ಮಾಡುವವರು 'ಇದಕ್ಕೆ ಪ್ಲಾನ್ 11', 'ಅದು ಪ್ಲಾನ್ 23' ಅಂತ ಮಾತಾಡುವುದನ್ನು ಕೇಳಿರುತ್ತೀರಿ. ತಿರುಗುವ ಶಾಫ್ಟ್ ಪಂಪಿನಿಂದ ಹೊರಬರುವ ಜಾಗದಲ್ಲಿ ದ್ರವ ಸೋರದಂತೆ ತಡೆಯುವ ಭಾಗವೇ ಮೆಕ್ಯಾನಿಕಲ್ ಸೀಲ್. ಅದಕ್ಕೆ ಯಾವ ದ್ರವ, ಎಲ್ಲಿಂದ, ಯಾವ ಪೈಪಿನಲ್ಲಿ ಬರಬೇಕು ಅನ್ನುವ ಜೋಡಣೆಯೇ ಫ್ಲಶ್ ಪ್ಲಾನ್. ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್‌ನ ಎಪಿಐ 682 ಅನ್ನುವ ಮಾನದಂಡದಲ್ಲಿ ಒಂದೊಂದು ಜೋಡಣೆಗೂ ಒಂದೊಂದು ನಂಬರ್ ಇದೆ.

ಸೀಲ್ ಒಳಗೆ ಎರಡು ಉಂಗುರಗಳು ಮುಖಕ್ಕೆ ಮುಖ ಒತ್ತಿಕೊಂಡಿರುತ್ತವೆ. ಒಂದು ಶಾಫ್ಟ್ ಜೊತೆ ತಿರುಗುತ್ತದೆ, ಇನ್ನೊಂದು ಅಲ್ಲಾಡುವುದಿಲ್ಲ. ನಡುವೆ ಇರುವುದು ಸುಮಾರು ಒಂದು ಮೈಕ್ರಾನ್ ದಪ್ಪದ ದ್ರವದ ಪೊರೆ. ನಮ್ಮ ತಲೆಗೂದಲೇ ಅದಕ್ಕಿಂತ ಹತ್ತಾರು ಪಟ್ಟು ದಪ್ಪ. ಆ ಪೊರೆ ಆರಿತೋ, ಸೀಲ್ ಹೋಯಿತು. ಅದನ್ನು ತಣ್ಣಗೆ, ಶುದ್ಧವಾಗಿ, ಕುದಿಯದ ಹಾಗೆ ಇಡುವುದೇ ಫ್ಲಶ್‌ನ ಕೆಲಸ.

ತುಂಬಾ ಸರಳವಾದದ್ದು ಪ್ಲಾನ್ 11. ಪಂಪಿನ ಡಿಸ್ಚಾರ್ಜ್‌ನಿಂದ (ದ್ರವ ಹೊರಹೋಗುವ ಬಾಯಿ) ಸಣ್ಣ ಪೈಪು, ನಡುವೆ ಒಂದು ಆರಿಫಿಸ್ (ಹರಿವು ಕಮ್ಮಿ ಮಾಡುವ ಸಣ್ಣ ತೂತಿನ ತಡೆ), ಅಲ್ಲಿಂದ ಸೀದಾ ಸೀಲ್ ಕೂತಿರುವ ಸೀಲ್ ಚೇಂಬರ್. ಆರಿಫಿಸ್ ತೂತು 3 ಮಿ.ಮೀ.ಗಿಂತ ಸಣ್ಣದಿರಬಾರದು, ಕಸ ಸಿಕ್ಕಿಕೊಳ್ಳುತ್ತದೆ. ದ್ರವ ಶುದ್ಧವಾಗಿದ್ದು ಬಿಸಿ ಇಲ್ಲದಿದ್ದರೆ ಇಷ್ಟೇ ಸಾಕು.

ಬಾಯ್ಲರ್‌ಗೆ ಬಿಸಿನೀರು ತುಂಬುವ ಬಾಯ್ಲರ್ ಫೀಡ್ ಪಂಪಿಗೆ ಇದು ಸಾಲದು. ನೀರು 80 ಡಿಗ್ರಿ ದಾಟಿದರೆ ಅದರಲ್ಲಿ ಜಾರಿಸುವ ಗುಣ ಅಷ್ಟಾಗಿ ಉಳಿಯುವುದಿಲ್ಲ. ಉಂಗುರಗಳ ನಡುವೆಯೇ ಆವಿಯಾಗಿ ಪಟಪಟ ಅಂತ ಸಿಡಿಯುತ್ತದೆ. ಆಮೇಲೆ ಸೀಲ್ ಬಿಚ್ಚಿ ನೋಡಿದರೆ ಕಾರ್ಬನ್ ಉಂಗುರದ ಅಂಚು ಇಲಿ ಕಡಿದ ಹಾಗೆ ಚಕ್ಕೆ ಎದ್ದಿರುತ್ತದೆ.

ಹಾಗಾದರೆ ಡಿಸ್ಚಾರ್ಜ್ ನೀರನ್ನು ಕೂಲರ್‌ನಲ್ಲಿ ತಣಿಸಿ ಕೊಟ್ಟರಾಯಿತು, ಅಲ್ವಾ? ಅದು ಪ್ಲಾನ್ 21. ಆದರೆ ಕಷ್ಟಪಟ್ಟು ತಣಿಸಿದ ನೀರು ಸೀಲ್ ದಾಟಿ ಮತ್ತೆ ಪಂಪಿಗೇ ಸೇರಿಬಿಡುತ್ತದೆ. ಕೂಲರ್ ಪ್ರತಿ ಸಲವೂ ಹೊಸ ಬಿಸಿನೀರನ್ನೇ ತಣಿಸಬೇಕು. ಪ್ಲಾನ್ 23ರಲ್ಲಿ ಸೀಲ್ ಚೇಂಬರ್‌ನ ನೀರೇ ಸುತ್ತುತ್ತದೆ. ಶಾಫ್ಟ್ ಜೊತೆ ತಿರುಗುತ್ತಾ ನೀರು ತಳ್ಳುವ ಪಂಪಿಂಗ್ ರಿಂಗ್ ಅನ್ನುವ ಬಳೆ ಅದನ್ನು ಕೂಲರ್‌ಗೆ ತಳ್ಳಿ ವಾಪಸ್ ತರುತ್ತದೆ. ಕೂಲರ್‌ಗೆ ಉಜ್ಜಾಟದ ಬಿಸಿ, ಪಂಪ್ ಕಡೆಯಿಂದ ಹರಿದು ಬರುವ ಬಿಸಿ, ಇವೆರಡೇ ಹೊರೆ. ಬಿಸಿನೀರಿಗೆ ನಾನು ಇದನ್ನೇ ಆರಿಸುತ್ತೇನೆ. ಒಂದು ಎಚ್ಚರಿಕೆ ಮಾತ್ರ ಬೇಕು: ರಿಂಗ್‌ಗೆ ಬಲ ಕಮ್ಮಿ. ಪೈಪಿನಲ್ಲಿ ಗಾಳಿ ಕೂತರೆ ನೀರು ಸುತ್ತುವುದೇ ಇಲ್ಲ. ಚಾಲೂ ಮಾಡುವ ಮೊದಲು ಎತ್ತರದ ಜಾಗದ ವೆಂಟ್ ತೆಗೆದು ಗಾಳಿ ಬಿಡಲೇಬೇಕು.

ಮರಳು, ಮಣ್ಣು ಇರುವ ದ್ರವಕ್ಕೆ ಕೆಲವರು ಸೈಕ್ಲೋನ್ (ದ್ರವವನ್ನು ಗಿರಗಿರ ತಿರುಗಿಸಿ ಭಾರದ ಕಣ ಬೇರ್ಪಡಿಸುವ ಸಾಧನ) ಇರುವ ಪ್ಲಾನ್ 31 ಹಾಕುತ್ತಾರೆ. ಕಣಗಳು ದ್ರವಕ್ಕಿಂತ ಎರಡು ಪಟ್ಟಾದರೂ ಭಾರ ಇದ್ದರೆ ಸರಿ. ಕಾಗದದ ತಿರುಳಿನಂಥ ಹಗುರ ನಾರಿಗೆ ಸೈಕ್ಲೋನ್ ಸುಮ್ನೆ ದಂಡ. ಅಲ್ಲಿ ಹೊರಗಿನ ಶುದ್ಧ ನೀರು ಕೊಡುವ ಪ್ಲಾನ್ 32 ಬೇಕು. ಅದರ ಒತ್ತಡ ಚೇಂಬರ್ ಒತ್ತಡಕ್ಕಿಂತ ಯಾವಾಗಲೂ ಜಾಸ್ತಿ ಇರಬೇಕು. ಪಂಪ್ ನಿಂತಿದೆ, ನೀರು ಉಳಿಸೋಣ ಅಂತ ಯಾರೋ ವಾಲ್ವ್ ಮುಚ್ಚಿದರೆ ಆ ತಿರುಳು ಸೀದಾ ಸೀಲ್ ಹತ್ತಿರ ಬಂದು ಕೂರುತ್ತದೆ.